ಒಳಗೆ ಬಿಟ್ಟ ಬಟ್ಟೆ

ಹೋದ ತಿಂಗಳು ಮಸ್ಕತ್ತಿನ ಬೌಷರಿನ ಮನೆ ಖಾಲಿ ಮಾಡುವಾಗ ಮಂಚದ ಕೆಳಗಿನ ಹಳೆಯ ಸೂಟ್‌ಕೇಸಿನ ಜಿಪ್ ಎಳೆದೆ. ಮೊದಲು ಬಂದದ್ದು ವಾಸನೆ. ಸಲಾಲಾದ ಲುಬಾನ್ ಧೂಪ, ಅದರ ಅಡಿಯಲ್ಲಿ ಅನ್ನದ ಗಂಜಿಯ ಸಣ್ಣ ಹುಳಿ. ಈ ಎರಡೂ ಒಟ್ಟಿಗೆ ಇರುತ್ತಿದ್ದ ಜಾಗ ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಬಾಗಿಲಿಗೆ ಎದುರಿನ ಮನೆ. ಸೂಟ್‌ಕೇಸಿನ ತಳದಲ್ಲಿ ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣವಿತ್ತು. ಅದನ್ನು ಕೊಟ್ಟವರು ಎದುರು ಮನೆಯ ಅಕ್ಕ. ನಾವು ಅದನ್ನು ಎಂದೂ ಬಿಚ್ಚಿರಲಿಲ್ಲ.

ಅಕ್ಕ ಎದುರಿಗಿದ್ದ ವರ್ಷಗಳಲ್ಲಿ ನಾನು ಮಸ್ಕತ್ತಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಕಂಡದ್ದನ್ನು ಕಂಡಷ್ಟೇ ಬರೆಯುವುದು, ಕೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳುವುದು ಅಲ್ಲಿಯ ಅಭ್ಯಾಸ. ಅಕ್ಕನ ವಿಷಯದಲ್ಲಿ ಖಚಿತಪಡಿಸಿಕೊಳ್ಳಲಾಗದ ಸಂಗತಿ ಒಂದಿದೆ. ಅದನ್ನೂ ಕಂಡಷ್ಟೇ ಬರೆಯುತ್ತೇನೆ.

ನಮ್ಮ ಕಟ್ಟಡದ ಹತ್ತಿರದ ಕ್ಲಬ್ಬೊಂದು ಪ್ರತಿ ಚಳಿಗಾಲ ತನ್ನ ಹುಲ್ಲುಹಾಸಿನ ಮೇಲೆ ರಿನೈಸಾನ್ಸ್ ಫೇರ್ ನಡೆಸುತ್ತಿತ್ತು. ಐನೂರು ವರ್ಷದ ಹಿಂದಿನ ಯುರೋಪಿನ ಸಂತೆಯಂತೆ ಡೇರೆ, ಬಿಲ್ಲುಬಾಣ, ಕೊಳಲು. ಮಕ್ಕಳು ಆ ಕಾಲದ ಉಡುಪಿನಲ್ಲಿ ಬಂದರೆ ಮಾತ್ರ ಮೆರವಣಿಗೆಯಲ್ಲಿ ಜಾಗ. ನನ್ನ ಮಗಳಿಗೆ ಏಳು ವರ್ಷ, ಮೆರವಣಿಗೆಯ ಹುಚ್ಚು. ವೇಷ ಬಾಡಿಗೆಗೆ ಕೊಡುವ ಅಂಗಡಿಯ ದರ ಕೇಳಿದವಳೇ ಹೊರಗೆ ಬಂದಿದ್ದೆ. ಲಿಫ್ಟಿನಲ್ಲಿ ಮಗಳ ಅಳು ಕೇಳಿ ಅಕ್ಕ ತಾವಾಗಿಯೇ ಹೇಳಿದರು.

"ಅದಕ್ಕೆ ಎಂತಕ್ಕೆ ಬಾಡಿಗೆ ಮಾರಾಯ್ರೆ? ನಾನು ಹೊಲಿದು ಕೊಡ್ತೇನೆ."

ಅವರು ಮಂಗಳೂರು ಕಡೆಯವರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅವರ ಗಂಡ ಹೋಟೆಲೊಂದರ ಸ್ಟೋರಿನಲ್ಲಿದ್ದುದರಿಂದ ಮಾಸಿದ ಪರದೆಗಳು ಮನೆಗೆ ಬರುತ್ತಿದ್ದವು. ಹಸಿರು ವೆಲ್ವೆಟ್ ಪರದೆಯಿಂದ ಕುಪ್ಪಸ, ಕಂದು ಪರದೆಯಿಂದ ಅಗಲ ಲಂಗ. ಒಮಾನಿ ಗಂಡಸರು ತೊಡುವ ನಿಲುವಂಗಿ, ಹಳೆಯ ಬಿಳಿ ದಿಶ್ದಾಶಾ ಕತ್ತರಿಸಿ ಒಳಗಿನ ಉದ್ದ ತೋಳಿನ ಅಂಗಿ. ಕುಪ್ಪಸ ನೆಟ್ಟಗೆ ನಿಲ್ಲಬೇಕೆಂದು ಅದರ ಮಡಿಕೆಗಳಲ್ಲಿ ಎಲೆಕ್ಟ್ರಿಷಿಯನ್ನರು ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳನ್ನು ತೂರಿಸುತ್ತಿದ್ದರು. ಅಂಚಿಗೆ ಹರಿದ ಸೀರೆಯ ಜರಿ, ಬೆನ್ನು ಬಿಗಿಯಲು ಶೂ ಲೇಸು. ಎಲ್ಲ ಮುಗಿದ ಮೇಲೆ ಅಂಗಿಗೆ ಗಂಜಿ ಹಾಕಿ, ರುಸ್ತಾಕ್ ಪೇಟೆಯಿಂದ ತಂದ ಮಣ್ಣಿನ ಧೂಪದಾನಿಯ ಮೇಲೆ ಹಿಡಿದು ಹೊಗೆ ಕೊಡುತ್ತಿದ್ದರು. ಇನ್ನೊಬ್ಬರು ಉಟ್ಟ ಬಟ್ಟೆಯ ವಾಸನೆ ಹೋಗಲಿ ಎಂದು.

ಮಗಳನ್ನು ಅಳತೆಗೆ ಕಳಿಸಲೇ ಎಂದು ಕೇಳಿದ್ದೆ.

"ಬೇಡ. ಅಳತೆ ನನ್ನತ್ರ ಉಂಟು."

ಕಣ್ಣಳತೆ ಇರಬೇಕು ಅಂದುಕೊಂಡೆ. ನಮ್ಮ ಮೈಸೂರಿನ ಮನೆಯಲ್ಲಿ ಮಕ್ಕಳ ಬಟ್ಟೆ ಹೊಲಿಸುವಾಗ ಯಾರೂ ಮರೆಯದ ಮಾತು ಒಂದಿತ್ತು. ಅದನ್ನು ನಾನೂ ಹೇಳಿದೆ. "ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರಿ ಅಕ್ಕ. ಬೆಳೆಯೋ ಹುಡುಗಿ."

ಕತ್ತರಿ ನಿಂತಿತು. "ಬಿಡೋದಿಲ್ಲ" ಎಂದರು. "ಇದು ಇಷ್ಟೇ."

ಕುಪ್ಪಸ ಮಗಳ ಮೈಗೆ ಒಂದು ನೂಲು ಹೆಚ್ಚಿಲ್ಲದೆ, ಒಂದು ನೂಲು ಕಮ್ಮಿಯಿಲ್ಲದೆ ಕೂತಿತು. ಕ್ಲಬ್ಬಿನಲ್ಲಿ ಎಲ್ಲರೂ ದರ್ಜಿ ಯಾರೆಂದು ಕೇಳಿದರು. ಮನೆಗೆ ಬಂದು ತಿರುವಿ ನೋಡಿದೆ. ಹೊಲಿಗೆಯ ಒಳಗೆ ಬೆರಳು ತೂರುವಷ್ಟೂ ಬಟ್ಟೆ ಇರಲಿಲ್ಲ.

ಮರುವರ್ಷ ಹೊಸದು ಬಂತು. ಅದರ ಮುಂದಿನ ವರ್ಷ ಮತ್ತೊಂದು. ಯಾವುದಕ್ಕೂ ಅಳತೆ ತೆಗೆದುಕೊಳ್ಳಲಿಲ್ಲ. ಒಂದು ಸಲ ಬೇಸಿಗೆ ರಜೆಯಿಡೀ ಮಗಳು ಮೈಸೂರಿನ ಅಜ್ಜಿಯ ಮನೆಯಲ್ಲಿದ್ದು ನಾಲ್ಕು ಬೆರಳು ಎತ್ತರವಾಗಿ ಬಂದಳು. ಅವಳು ವಿಮಾನ ಇಳಿಯುವ ಮೊದಲೇ ಅಕ್ಕ ಆ ವರ್ಷದ ಬಟ್ಟೆ ಕತ್ತರಿಸಿ ಮುಗಿಸಿದ್ದರು. ಅದೂ ಸರಿಯಾಯಿತು. ಆಮೇಲೆ ಕಣ್ಣಳತೆ ಎಂಬ ವಿವರಣೆಯನ್ನು ನಾನು ಕೈಬಿಟ್ಟೆ.

"ಹೇಗೆ ಅಕ್ಕ ಇದು?" ಎಂದೆ.

"ಪೇಪರಿನವರಿಗೆ ಎಲ್ಲದಕ್ಕೂ ಸಾಕ್ಷಿ ಬೇಕಲ್ವಾ?" ಎಂದರು. ಸೂಜಿಯಿಂದ ಕಣ್ಣೆತ್ತಲಿಲ್ಲ.

ಸಾಕ್ಷಿ ಅವರ ಮನೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಅಕ್ಕನಿಗೆ ಟೀ ಕೊಡಲು ಅವರ ಹೊಲಿಗೆ ಕೋಣೆಗೆ ಹೋದಾಗ ಅದರ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳು ಕಂಡವು. ಮಕ್ಕಳಿರುವ ಮನೆಗಳಲ್ಲಿ ಎತ್ತರ ಗುರುತು ಹಾಕುವ ಗೆರೆಗಳು, ಒಂದರ ಮೇಲೊಂದು. ಮೇಲಿನದು ಹೊಸದು, ಅದರ ಕಪ್ಪು ಇನ್ನೂ ಮಾಸಿರಲಿಲ್ಲ. ನನ್ನ ಜೊತೆ ಬಂದಿದ್ದ ಮಗಳು ಆಟಕ್ಕೆಂದು ಬೆನ್ನು ಕೊಟ್ಟು ನಿಂತಳು. ಗೆರೆ ಅವಳ ನೆತ್ತಿಗೆ ತಾಗಿತು.

ಆ ಮನೆಯಲ್ಲಿ ಮಕ್ಕಳಿರಲಿಲ್ಲ.

ಅಕ್ಕನ ಗಂಡನನ್ನು ಪಾರ್ಕಿಂಗಿನಲ್ಲಿ ಕೇಳಿದೆ. ಅವರು ಕಾರಿನ ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸಿದರು.

"ನಮಗೆ ಒಂದು ಹೆಣ್ಣು ಇತ್ತು, ಸಲಾಲಾದಲ್ಲಿ ಇರುವಾಗ. ಏಳು ತುಂಬಿತ್ತು. ಜ್ವರ ಬಂತು... ಖಲಾಸ್." ಕಾರಿನ ಬಾಗಿಲು ತೆರೆದು, "ಈ ಫ್ಲಾಟಿಗೆ ನಾವು ಬಂದದ್ದು ಅದರ ನಂತರ. ನೀವು ಅವಳತ್ರ ಕೇಳ್ಬೇಡಿ" ಎಂದರು.

ಆ ಮಗು ಈ ಮನೆಯನ್ನು ನೋಡಿಯೇ ಇರಲಿಲ್ಲ. ಗೆರೆಗಳನ್ನು ಅಕ್ಕನೇ ಎಳೆಯುತ್ತಿದ್ದರು ಎಂಬುದರಲ್ಲಿ ಸಂಶಯವಿರಲಿಲ್ಲ. ಯಾರ ನೆತ್ತಿಯ ಮೇಲೆ ಸ್ಕೇಲಿಟ್ಟು ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಲಾಗಲಿಲ್ಲ.

ಅಂದಿನಿಂದ ನನಗೆ ಹೆದರಿಕೆ ಶುರುವಾಯಿತು. ಬಟ್ಟೆ ನನ್ನ ಮಗಳಿಗೆ ಸರಿಹೋಗುತ್ತಿದೆಯೋ, ನನ್ನ ಮಗಳು ಬಟ್ಟೆಗೆ ಸರಿಹೋಗುತ್ತಿದ್ದಾಳೋ ಎಂದು. ಅವಳು ಊಟ ಬಿಟ್ಟರೆ ಆ ಗೆರೆ ನೆನಪಾಗುತ್ತಿತ್ತು. ಮೈ ಬೆಚ್ಚಗಾದರೆ ಥರ್ಮಾಮೀಟರ್ ಹಿಡಿದು ಹಾಸಿಗೆಯ ಪಕ್ಕ ಕೂತಿರುತ್ತಿದ್ದೆ. ಅವಳಿಗೆ ಹನ್ನೊಂದು ತುಂಬಿದಾಗ ಇನ್ನು ಸಾಕು ಎಂದು ಹೇಳಿಬಿಡಲು ತೀರ್ಮಾನಿಸಿ, ಅವಳ ಜೊತೆಯಲ್ಲೇ ಎದುರು ಮನೆಯ ಬೆಲ್ ಒತ್ತಿದೆ. ಹೊಲಿಗೆ ಕೋಣೆಯಲ್ಲಿ ಆ ವರ್ಷದ ಕುಪ್ಪಸ ಸಿದ್ಧವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅದರೊಳಗೆ ಕೈ ತೂರಿಸಿದ್ದಳು.

ಅಕ್ಕ ಬೆನ್ನಿನ ಲೇಸು ಎಳೆದರು. ಎರಡು ಅಂಚುಗಳ ನಡುವೆ ಅಂಗೈ ಅಗಲದ ಸಂದು ಉಳಿಯಿತು. ಮತ್ತೆ ಎಳೆದರು. ಒಳಗಿನ ಪ್ಲಾಸ್ಟಿಕ್ ಪಟ್ಟಿಗಳು ಟಕ್ ಟಕ್ ಎಂದು ಬಾಗಿದವು.

"ಉಸಿರು ಒಳಗೆ ಎಳಿ ಮಗಾ."

"ಎಳೆದಿದೀನಿ ಆಂಟಿ."

"ಇನ್ನೂ ಸ್ವಲ್ಪ. ಆಗ್ತದೆ. ಆಗ್ಲೇಬೇಕು ಅದು."

"ಆಂಟಿ, ಐ ಕಾಂಟ್ ಬ್ರೀದ್."

ಅಕ್ಕನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಲೇಸು ಅವರ ಬೆರಳಿಗೆ ಸುತ್ತಿ ಬಿಗಿಯುತ್ತಿತ್ತು. ಅವರ ಕಣ್ಣು ಮಗಳ ಬೆನ್ನಿನ ಮೇಲಿರಲಿಲ್ಲ, ಬಾಗಿಲ ಚೌಕಟ್ಟಿನ ಮೇಲಿತ್ತು. ಯಾರೋ ಅಲ್ಲಿ ನಿಂತು ಕಾಯುತ್ತಿರುವಾಗ ನಾವು ನೋಡುತ್ತೇವಲ್ಲ, ಹಾಗೆ... ಅಲ್ಲಿ ಯಾರೂ ಇರಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದೆ. ತಣ್ಣಗಿತ್ತು.

"ಬಿಡಿ ಅಕ್ಕ. ಇವಳು ನನ್ನ ಮಗಳು."

ಆಮೇಲೆ ಅವರ ಬೆರಳು ಸಡಿಲವಾಯಿತು. ಮಗಳು ಕೆಮ್ಮಿ ಉಸಿರು ತೆಗೆದುಕೊಂಡಳು. ಅಕ್ಕ ಅವಳ ಭುಜ ಹಿಡಿದು ಮೆಲ್ಲಗೆ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದರು. ಕೊನೆಯ ಗೆರೆ ಅವಳ ಕಿವಿಯ ಹತ್ತಿರ ಮುಗಿದಿತ್ತು.

"ದಾಟಿದ್ದಾಳೆ ಮಾರಾಯ್ರೆ ಇವಳು" ಎಂದರು, ನನಗಲ್ಲ ಎಂಬಂತೆ. "ದಾಟಿಯೇ ಬಿಟ್ಟಿದ್ದಾಳೆ."

ಒಳಗೆ ಹೋದರು. ಬರುವಾಗ ಕೈಯಲ್ಲಿ ಅಳತೆ ಟೇಪಿತ್ತು. ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನಾನು ಟೇಪು ನೋಡಿದ್ದು ಅದೇ ಮೊದಲು.

"ಕೈ ಎತ್ತು ಮಗಾ. ನಿನ್ನ ಅಳತೆ ಕೊಡು."

ಸಾಕು ಎನ್ನಲು ಬಂದವಳು ನಾನೇ ಮಗಳ ಕೈ ಎತ್ತಿ ಹಿಡಿದೆ. ಕೆಲವು ದಿನಗಳ ಮೇಲೆ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ನಮ್ಮ ಬಾಗಿಲಿಗೆ ಬಂತು. "ಇದು ಇವಳಿಗೇ ಹೊಲಿದದ್ದು" ಎಂದಷ್ಟೇ ಹೇಳಿ ತಿರುಗಿದರು. ಅವರ ಮನೆಯ ಬಾಗಿಲು ಮುಚ್ಚುವ ಮುನ್ನ ಒಳಗೆ ಹೊಲಿಗೆ ಕೋಣೆಯ ಚೌಕಟ್ಟು ಕಂಡಿತು. ಗೆರೆಗಳನ್ನು ಒರೆಸಿದ್ದರು.

ಆ ವರ್ಷ ಕೊರೋನಾ ಬಂತು. ಫೇರ್ ನಡೆಯಲಿಲ್ಲ. ಅಕ್ಕನ ಗಂಡನ ಕೆಲಸ ಹೋಯಿತು. ಊರಿಗೆ ಹೊರಟ ವಿಮಾನವೊಂದರಲ್ಲಿ ಇಬ್ಬರೂ ಹೋದರು. ಮಾಸ್ಕಿನ ಮೇಲಿನ ಕಣ್ಣು ಮಾತ್ರ ಕಂಡು ಬೀಳ್ಕೊಟ್ಟೆವು. ಪೊಟ್ಟಣ ಸೂಟ್‌ಕೇಸು ಸೇರಿತು. ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳು, ಮರುದಿನ ಯಾರದೋ ಸೋಫಾ ಮಾರಾಟಕ್ಕಿದೆ ಎಂಬ ಸಂದೇಶ.

ಈಗ ದಾರ ಬಿಚ್ಚಿದೆ. ಹಸಿರು ವೆಲ್ವೆಟ್ಟು, ಹನ್ನೊಂದರ ಹುಡುಗಿಯ ಅಳತೆ. ಹಳೆಯ ಅಭ್ಯಾಸದಿಂದ ತಿರುವಿ ನೋಡಿದೆ. ಎರಡೂ ಪಕ್ಕ, ಭುಜ, ಸೊಂಟ, ಪ್ರತಿ ಹೊಲಿಗೆಯ ಒಳಗೂ ಬಟ್ಟೆ. ಮಡಿಕೆಯ ಮೇಲೆ ಮಡಿಕೆ, ಸುಲಭವಾಗಿ ಬಿಚ್ಚಲೆಂದು ಉದ್ದ ಟಾಕುಗಳಲ್ಲಿ ಹಿಡಿದದ್ದು. ಮುಂದೆ ಬೆಳೆಯುವವಳಿಗೆ ಬಿಡುವಂತೆ ಬಿಟ್ಟಿದ್ದರು.

ನನಗಿಂತ ಎತ್ತರವಾಗಿರುವ ಮಗಳು ಪಕ್ಕದಲ್ಲಿ ಕೂತು ಬ್ಲೇಡಿನಿಂದ ಟಾಕು ಬಿಚ್ಚಿದಳು. ಇಬ್ಬರೂ ಸೇರಿ ಕೊನೆಯ ಮಡಿಕೆಯವರೆಗೆ ಬಿಚ್ಚಿದೆವು. ಅವಳು ಟೀಶರ್ಟಿನ ಮೇಲೆಯೇ ತೊಟ್ಟಳು. ನಾನು ಲೇಸು ಎಳೆದೆ. ಅಂಚಿಗೆ ಅಂಚು ಬಂದು ಕೂಡಿತು.

"ಅಮ್ಮಾ, ಇಟ್ ಫಿಟ್ಸ್!" ಎಂದಳು. ಆಮೇಲೆ ದನಿ ತಗ್ಗಿಸಿ, "ಆಂಟಿಗೆ ಹೇಗೆ ಗೊತ್ತಾಯ್ತು?"

ಪಕ್ಕದ ಹೊಲಿಗೆಯೊಳಗೆ ಬೆರಳು ತೂರಿಸಿ ನೋಡಿದೆ. ಬಿಟ್ಟ ಬಟ್ಟೆಯೆಲ್ಲ ಮುಗಿದಿತ್ತು. ಇನ್ನೊಂದು ನೂಲು ಬಿಚ್ಚಲು ಉಳಿದಿರಲಿಲ್ಲ. ಸಾಮಾನು ಸಾಗಿಸಲು ತೆರೆದಿಟ್ಟ ನಮ್ಮ ಬಾಗಿಲಿನಾಚೆ ಎದುರಿನ ಬಾಗಿಲೂ ತೆರೆದಿತ್ತು. ಈಗ ಅಲ್ಲಿರುವವರು ಹೊಲಿಗೆ ಕೋಣೆಯ ಆ ಚೌಕಟ್ಟಿಗೆ ಬಿಳಿ ಬಣ್ಣ ಹೊಡೆಸಿದ್ದಾರೆ. ಸರಿಯಾಯಿತು ಅಕ್ಕ ಎಂದು ಹೇಳಬೇಕಿತ್ತು. ಮಗಳು ಕನ್ನಡಿಯ ಮುಂದೆ ಎದೆ ತುಂಬಾ ಉಸಿರು ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ನಾನು ನೋಡುತ್ತಾ ನಿಂತೆ.