ಅಳಿವೆಯ ಪಕ್ಕದ ಕೆಂಪು ತುಣುಕು

ವಿಜಯವಾಡದ ಬೆಂಜ್ ಸರ್ಕಲ್ ಪಕ್ಕದ ಕಟ್ಟಡವೊಂದರಲ್ಲಿ, ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಕೋಣೆಯಲ್ಲಿ ಕುಳಿತು ನಾನು ಆಂಧ್ರದ ಕರಾವಳಿಗೆ ಹೆಸರಿಡುತ್ತಿದ್ದೆ. ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ. ಅದರಲ್ಲಿ ಗಿಡಮರವೆಲ್ಲ ಕೆಂಪು, ನೀರು ಕಪ್ಪು, ಮರಳು ಬಿಳಿ. ತುಣುಕು ತುಣುಕಾಗಿ ಗೆರೆ ಎಳೆದು, ಇದು ಮರಳ ದಿಬ್ಬ, ಇದು ಜೌಗು, ಇದು ಕಾಡು ಎಂದು ಸಂಕೇತ ಕೊಡಬೇಕು. ಯಾವುದನ್ನೂ ಖಾಲಿ ಬಿಡುವಂತಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಸಂಕೇತವೇ ಇರಲಿಲ್ಲ. ಸಮುದ್ರದ ಪಕ್ಕ ಬೆಳೆದವಳು ಸಮುದ್ರವನ್ನೇ ನೋಡದೆ ಅದರ ದಂಡೆಯನ್ನು ವಿಂಗಡಿಸುತ್ತಿದ್ದೇನಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಮದುವೆಯಾಗಿ ವರ್ಷವೂ ಕಳೆದಿರಲಿಲ್ಲ. ನೌಕಾಪಡೆಯಲ್ಲಿದ್ದ ಗಂಡ ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿ, ನಾನು ವಿಜಯವಾಡದ ಹಾಸ್ಟೆಲ್ಲಿನಲ್ಲಿ. ನಮ್ಮ ಚಿತ್ರಗಳನ್ನು ಸ್ಥಳದಲ್ಲೇ ನಡೆದು ತಾಳೆ ನೋಡುವ ತಂಡ ವಿಶಾಖಪಟ್ಟಣದಲ್ಲಿತ್ತು. ನನ್ನನ್ನು ಅಲ್ಲಿಗೆ ಹಾಕಿ ಎಂದು ಮೇಲಧಿಕಾರಿಯ ಬೆನ್ನು ಬಿದ್ದಿದ್ದೆ. ಬಳ್ಳಾರಿ ಕಡೆಯ ಒಳ್ಳೆಯ ಮನುಷ್ಯ. ಒಳ್ಳೆಯವರ ಮೇಲೆ ಕೂಗಾಡುವುದಕ್ಕೂ ಆಗುವುದಿಲ್ಲ!

“ಕುಂತಲ್ಲೇ ಇಷ್ಟು ಚೆನ್ನಾಗಿ ಗುರ್ತು ಹಿಡೀತೀಯಮ್ಮ. ನಿನ್ನ ಕಳಿಸಿಬಿಟ್ರೆ ಇಲ್ಲಿ ನೋಡೋರ‍್ಯಾರು?” ಎನ್ನುತ್ತಿದ್ದರು.

ಕೆಲಸ ಚೆನ್ನಾಗಿ ಕಲಿತದ್ದೇ ನನ್ನ ಕಾಲಿಗೆ ತೊಡರಿಕೊಂಡಿತ್ತು.

ಕೊನೆಗೆ ಆ ತಂಡದವರೊಬ್ಬರು ಕಾಯಿಲೆ ಬಿದ್ದಾಗ ನನ್ನನ್ನು ಒಂದು ವಾರದ ಮಟ್ಟಿಗೆ ಕಳಿಸಿದರು. ಮೊದಲ ದಿನವೇ ಜೀಪು ಋಷಿಕೊಂಡ ದಾಟಿ ಭೀಮುನಿಪಟ್ಟಣಕ್ಕೆ ಹೋಯಿತು. ಅಲ್ಲಿ ನದಿ ಸಮುದ್ರ ಸೇರುವ ಅಳಿವೆಯ ಪಕ್ಕದ ಗಾಢ ಕೆಂಪು ತುಣುಕಿಗೆ ನಾನೇ ಕಾಂಡ್ಲಾ ಕಾಡಿನ ಸಂಕೇತ ಕೊಟ್ಟಿದ್ದೆ. ಕುಮಟಾದವಳಿಗೆ ಅಳಿವೆ ಎಂದರೆ ಉಪ್ಪುನೀರಿನ ಕೆಸರಲ್ಲಿ ಬೇರುಬಿಟ್ಟು ನಿಲ್ಲುವ ಕಾಂಡ್ಲಾ ಬಿಟ್ಟು ಇನ್ನೇನು ಹೊಳೆದೀತು? ಇಳಿದು ನೋಡಿದರೆ ಕೆಸರೇ ಇಲ್ಲ. ಒಣ ಮರಳು. ಅದರಲ್ಲಿ ಸಾಲುಸಾಲಾಗಿ ಯಾರೋ ನೆಟ್ಟು ಬೆಳೆಸಿದ ಗಾಳಿಮರಗಳು ಸುಯ್ಯೆನ್ನುತ್ತಿದ್ದವು.

ನಾಚಿಕೆಯಾಗಬೇಕಿತ್ತು. ನನಗೋ ಖುಷಿಯಾಯಿತು. ಇದೊಂದು ತಪ್ಪಿದ್ದರೆ ಇಂಥ ಉಳಿದವನ್ನೂ ನಡೆದೇ ನೋಡಬೇಕು, ಅದಕ್ಕೆ ತಿಂಗಳುಗಟ್ಟಲೆ ನಾನು ಇಲ್ಲೇ ಇರಬೇಕು. ಆ ಸಂಜೆಯೇ ಗಂಡನನ್ನು ಪೇಟೆಗೆ ಎಳೆದುಕೊಂಡು ಹೋಗಿ ಕಬ್ಬಿಣದ ದೋಸೆ ಕಾವಲಿ ಕೊಂಡೆ. ವಾರಕ್ಕೆಂದು ಬಂದವರು ಯಾರಾದರೂ ಕಾವಲಿ ಕೊಳ್ಳುತ್ತಾರೆಯೇ?

ಮನೆಗೆ ಬಂದು ಮೇಲಧಿಕಾರಿಗೆ ಫೋನ್ ಮಾಡಿದೆ. “ಸರ್, ಭೀಮುನಿಪಟ್ಟಣದ ಕಾಂಡ್ಲಾ ತಪ್ಪು. ಅದು ಗಾಳಿಮರದ ತೋಪು. ಇಂಥವು ಇನ್ನೆಷ್ಟಿವೆಯೋ, ಎಲ್ಲ ನಡೆದೇ ನೋಡ್ಬೇಕು.”

“ತಪ್ಪಾದ್ರೆ ಆಯ್ತು, ಪರವಾಲೇದಮ್ಮ. ತೋಪು ಚಿತ್ರದಾಗ ಹೆಂಗೆ ಕಾಣ್ತದೆ ಅಂತ ಈಗ ತಿಳೀತಲ್ಲ?”

“ತಿಳೀತು ಸರ್. ಅಂಚು ಗೆರೆ ಹೊಡೆದ ಹಾಗೆ ನೇರ ಇರ್ತದೆ. ಕಾಂಡ್ಲಾ ಆದ್ರೆ ನೀರು ತಿರುಗಿದ ಕಡೆ ತಿರುಗ್ತದೆ.” ಜಂಭದಿಂದಲೇ ಹೇಳಿದೆ.

“ಮತ್ತಿನ್ನೇನು? ಉಳಿದವೆಲ್ಲ ಇಲ್ಲೇ ಕುಂತು ಸರಿ ಮಾಡಬೋದು. ಇದು ನಿನಗೊಬ್ಬಳಿಗೇ ಗೊತ್ತಿರೋದು. ವಾರ ತುಂಬೋತನಕ ಕಾಯೋದು ಬ್ಯಾಡ, ನಾಳೆ ರೈಲಿಗೆ ಬಂದ್ಬಿಡಮ್ಮ.”

ಫೋನಿಟ್ಟು ಅತ್ತುಬಿಟ್ಟೆ. ನನ್ನ ಬಾಯಿಯಿಂದಲೇ ಬಾಗಿಲು ಹಾಕಿಸಿಕೊಂಡಿದ್ದೆ.

ಬೆಳಿಗ್ಗೆ ಗಂಡ, ಎಣ್ಣೆಯ ಹನಿಯನ್ನೂ ಕಾಣದ ಕಾವಲಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು. “ಅಲ್ಲಾದ್ರೂ ದೋಸೆ ಮಾಡ್ಕೊಂಡು ತಿನ್ನು” ಎಂದರು. ಹಾಸ್ಟೆಲ್ಲಿನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ ಎಂದು ನಾನು ಹೇಳಲಿಲ್ಲ.