ನಾಲ್ಕು ಬೆರಳು ಮುಂದಕ್ಕೆ

ಸುಮ್ಮನೆ ಕೂರುವ ಜಾತಕ ನನ್ನದಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ, ಲಿಫ್ಟು ಕೆಳಗೆ ಬರುವಷ್ಟರಲ್ಲಿ ಎರಡು ಮಹಡಿ ಹತ್ತಿರುತ್ತೇನೆ. ಸರಕಾರಿ ಕಚೇರಿಯಲ್ಲಿ ಆಯುಷ್ಯವೆಲ್ಲ ಕಡತ ತಿರುವಿ ನಿವೃತ್ತಳಾದರೂ ಈ ಚಟ ಬಿಡಲಿಲ್ಲ. ಇಂಥವಳನ್ನು ಕಟ್ಟಿಕೊಂಡವರು ನಮ್ಮ ಯಜಮಾನರು. ಜಗಳವಾಡುವುದಕ್ಕೂ ಪುರಸೊತ್ತು ಮಾಡಿಕೊಂಡು ಬರುವ ಮನುಷ್ಯ. ಹೈದರಾಬಾದಿನ ತಾರ್ನಾಕದಲ್ಲಿ ನಮ್ಮ ಮನೆ, ಮನೆಯ ಮುಂದೆ ಮಾವನವರು ಬಿಟ್ಟುಹೋದ ಬಿಳಿ ಅಂಬಾಸಿಡರ್.

ಇವರಿಗೆ ಎಡಗಾಲು ಮಡಚಲು ಬರುವುದಿಲ್ಲ. ಕಾಲೇಜಿನ ದಿನಗಳಲ್ಲಿ ಲಾರಿ ಗುದ್ದಿ ಮಂಡಿ ಪುಡಿಯಾಗಿತ್ತು, ಡಾಕ್ಟರು ಕಾಲನ್ನು ನೇರವಾಗಿಯೇ ಕೂಡಿಸಿಬಿಟ್ಟರು. ಕುಂಟುತ್ತ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಆದರೆ ಕೂರುವುದೇ ಕಷ್ಟ. ಆಟೋದಲ್ಲಿ ಕೂತರೆ ಕಾಲು ರಸ್ತೆಗೆ ಬರುತ್ತದೆ. ಈಗಿನ ಸಣ್ಣ ಕಾರುಗಳಲ್ಲಿ ಮುಂದೆ ಕೂರುವ ಮಾತೇ ಇಲ್ಲ, ಹಿಂದಿನ ಸೀಟಿನಲ್ಲಿ ಅಡ್ಡ ಮಲಗಬೇಕು. ನಮ್ಮ ಅಂಬಾಸಿಡರಿನ ಮುಂದಿನ ಸೀಟು ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸೋಫಾ. ಅದನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಇವರು ಕಾಲು ಚಾಚಿ ದೊರೆಯ ಹಾಗೆ ಕೂರುತ್ತಾರೆ. ಅಷ್ಟು ಹಿಂದೆ ಹೋದರೆ ನನ್ನ ಪಾದ ಬ್ರೇಕಿಗೆ ಎಟುಕುವುದಿಲ್ಲ. ಅದಕ್ಕೇ ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಓಡಿಸುತ್ತೇನೆ.

ಹಿಂದಿನ ವರ್ಷ ಕಾರು ಕೆಟ್ಟು ನಿಂತಿದ್ದಾಗ ಒಂದು ಮುಂಜಿಗೆ ಬಾಡಿಗೆ ಕಾರಿನಲ್ಲಿ ಹೋಗಿದ್ದೆವು. ಛತ್ರದ ಬಾಗಿಲಲ್ಲಿ ಒಬ್ಬ ನೆಂಟ ಕಂಕುಳಿಗೆ ಕೈಹಾಕಿ, ಇನ್ನೊಬ್ಬ ಕಾಲು ಹಿಡಿದು ಇವರನ್ನು ಮೂಟೆಯ ಹಾಗೆ ಹೊರಗೆಳೆದರು. ಫೋಟೋ ತೆಗೆಯುತ್ತಿದ್ದವನು ಕ್ಯಾಮೆರಾ ಇಳಿಸಿ ಬೇರೆ ಕಡೆ ನೋಡಿದ. ಅಂದಿನಿಂದ ಇವರು ಯಾವ ಸಮಾರಂಭಕ್ಕೂ ಹೋಗಲಿಲ್ಲ. "ನಮ್ಮ ಕಾರಿನಾಗ ಆದ್ರ ಬರ್ತೀನಿ, ಇಲ್ಲಾಂದ್ರ ನೀ ಒಬ್ಬಾಕಿನೇ ಹೋಗಿ ಬಾ," ಎನ್ನುತ್ತಿದ್ದರು. ಹೀಗಿರುವಾಗ ಇವರ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು, ಶಂಶಾಬಾದಿನ ಹತ್ತಿರ ಒಂದು ಫಂಕ್ಷನ್ ಹಾಲಿನಲ್ಲಿ. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಆ ಹುಡುಗಿಗೆ ಇವರೊಬ್ಬರೇ ಸೋದರಮಾವ. ಇವರನ್ನು ಮತ್ತೆ ಯಾರೂ ಕಾಲು ಹಿಡಿದು ಎಳೆಯಬಾರದು, ಮುಂದಿನ ಸೀಟಿನಿಂದ ತಾವೇ ಇಳಿಯಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಮದುವೆಗೆ ಐದು ವಾರ ಇದ್ದಾಗ, ಒಂದು ಬೆಳಿಗ್ಗೆ ಇವರು ಕಾರಿನಲ್ಲಿ ಕೂತು ಹಿಮ್ಮಡಿ ಊರಿದರು. ಕರಕ್ ಎಂದಿತು. ರಬ್ಬರ್ ಮ್ಯಾಟು ಒಳಕ್ಕೆ ಕುಸಿಯಿತು. ಎತ್ತಿ ನೋಡಿದರೆ ಕಾರಿನ ನೆಲದಲ್ಲಿ ಊಟದ ತಟ್ಟೆಯಷ್ಟು ತೂತು, ಅದರಾಚೆ ನಮ್ಮ ಅಂಗಳದ ಸಿಮೆಂಟು. ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಪುಡಿ.

"ಎಲ್ಲಾ ನಿಮ್ಮ ಪೂಜಾದ ಪ್ರತಾಪ!" ಎಂದು ಹರಿಹಾಯ್ದೆ.

ಆಯುಧಪೂಜೆಗೆ ಎಲ್ಲರೂ ಗಾಡಿಯ ಮೈ ತೊಳೆಯುತ್ತಾರೆ. ನಮ್ಮ ಮನೆಯಲ್ಲಿ ಮಾವನವರ ಕಾಲದಿಂದಲೂ ಕಾರಿಗೆ ಒಳಗೂ ಅಭ್ಯಂಜನ. ಮ್ಯಾಟು ತೆಗೆದು, ಅರಿಸಿನ ಕದಡಿದ ನೀರನ್ನು ಕೊಡಗಟ್ಟಲೆ ನೆಲಕ್ಕೆ ಸುರಿಯುವುದು. ಆ ನೀರು ಹೋಗಲು ನೆಲದಲ್ಲಿ ನಾಲ್ಕು ತೂತು, ಅವಕ್ಕೆ ರಬ್ಬರಿನ ಬಿರಡೆ. ಹಬ್ಬದ ಬೇರೆ ಕೆಲಸಗಳಿಗೆ ಬಗ್ಗಲಾಗದ ಇವರು, ಸ್ಟೂಲ್ ಹಾಕಿಕೊಂಡು ಕೂತು ಈ ಸ್ನಾನವನ್ನು ಮಾತ್ರ ತಾವೇ ಮಾಡಿಸುತ್ತಿದ್ದರು. ಬಿರಡೆ ಕೀಳುವ ಪಾಲು ನನ್ನದು.

ಈಗ ನನ್ನ ಘನಕಾರ್ಯ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ದೊಡ್ಡ ಮಳೆಗೆ ನಮ್ಮ ಗಲ್ಲಿ ಕೆರೆಯಾಗಿ, ಆ ತೂತುಗಳಿಂದಲೇ ಕಾರಿನೊಳಗೆ ನೀರು ಉಕ್ಕಿತ್ತು. ನಾನು ತಡೆದೇನೆಯೇ? ಮರುದಿನವೇ ರಸ್ತೆ ಹಾಕುವವರ ಹತ್ತಿರ ಒಂದು ಡಬ್ಬಿ ಡಾಂಬರು ಬೇಡಿ ತಂದು ನಾಲ್ಕೂ ತೂತುಗಳನ್ನು ಮುಚ್ಚಿದೆ. ಹೊರಗಿನ ನೀರು ಒಳಗೆ ಬರುವುದು ನಿಂತಿತು. ಒಳಗಿನ ನೀರು ಹೊರಗೆ ಹೋಗುವುದೂ ನಿಂತಿತು! ಅದನ್ನು ಯೋಚಿಸುವಷ್ಟು ವ್ಯವಧಾನ ಯಾರಿಗಿತ್ತು? ಪ್ರತಿ ಹಬ್ಬಕ್ಕೂ ಇವರು ಭಕ್ತಿಯಿಂದ ಕೊಡ ಸುರಿದರು, ನಾನು ಮೇಲೆ ಒಂದು ಚಿಂದಿ ಆಡಿಸಿ "ಹೋತು ನೀರು" ಎಂದು ಮ್ಯಾಟು ಹಾಸಿದೆ. ಸೀಟಿನ ಕೆಳಗಿನ ಹಾಸಿನೊಳಗೆ ಆ ನೀರು ಕೂತು ಕಬ್ಬಿಣವನ್ನು ತಿಂದುಹಾಕಿತು.

ಇವರು ತೂತಿನ ಪಕ್ಕದ ಕಪ್ಪು ಮುದ್ದೆಯನ್ನು ಕೋಲಿನಿಂದ ತಟ್ಟಿದರು.

"ಈ ಡಾಂಬರು ಯಾವಾಗ ಬಂತ?"

"ಬಂದಿರಬೇಕು ಯಾವಾಗರೆ," ಎಂದು ಒಳಗೆ ನಡೆದೆ.

ಮಾದಾಪುರದಲ್ಲಿ ಹಳೇ ಕಾರುಗಳನ್ನು ಹೊಸದಾಗಿಸುವ ಗಾಜಿನ ಅಂಗಡಿಯೊಂದು ಇದೆಯೆಂದು ಯಾರೋ ಹೇಳಿದರು, ಹೋದೆ. ಕಾಫಿ ಕೊಟ್ಟು ಕೂರಿಸಿದರು. ಅಲ್ಲಿನವನು ನನ್ನ ಮೊಬೈಲಿನಲ್ಲಿದ್ದ ಫೋಟೋಗಳನ್ನು ನೋಡಿ, "ಎಂಟು ತಿಂಗಳಾಗುತ್ತೆ ಆಂಟೀ," ಎಂದ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಒಂದು ವಾರ ಹಾಗೆ ದಂಡವಾಯಿತು. ಕೊನೆಗೆ ಸಿಕ್ಕವನು ಲಾಲಾಪೇಟೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ವೆಲ್ಡರು, ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದು ಈ ಕೆಲಸ ಕಲಿತವನು. ನಾನು ತೆಲುಗಿನಲ್ಲಿ ಶುರುಮಾಡಿದರೆ ಅವನು, "ಕನ್ನಡದಾಗ ಬೈರಿ ಅಕ್ಕಾರ, ನನಗ ಲಗೂ ತಿಳಿತೈತಿ," ಎಂದು ನಕ್ಕ.

ಅವನು ಕಾರಿನ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಒಂದೊಂದೇ ಕಡೆ ಚುಚ್ಚಿದ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು, ತುಕ್ಕು ಇದ್ದಲ್ಲಿ ಸದ್ದಿಲ್ಲದೆ ಒಳಗೇ ಹೋಗುತ್ತಿತ್ತು. ಟಣ್ ಎಂದದ್ದು ಬಹಳ ಕಡಿಮೆ.

"ಮ್ಯಾಲ ನೋಡಿದ್ರ ಮದುಮಗಳು, ಕೆಳಗ ಏನೂ ಉಳಿದಿಲ್ರಿ. ಒಳ್ಳೆ ಕಬ್ಬಣ ಸಿಗೋತನಕ ಕೊಯ್ಕೋತ ಹೋಗಬೇಕು. ನಡುವ ನಿಂತ್ರ ತುಕ್ಕು ಮತ್ತ ತಿಂತೈತಿ."

"ಕೊಯ್ಯಿ ಮಾರಾಯಾ. ಆದ್ರ ಲಗೂ ಕೊಯ್ಯಿ."

ಸೀಟು ಹೊರಗೆ ಬಂತು, ಹಾಸು ಬಂತು, ತುಕ್ಕಿನ ಚಕ್ಕೆಗಳು ಎರಡು ಗೋಣಿಚೀಲ ತುಂಬಿದವು. ಅವನು ಕಿಡಿ ಬಿದ್ದರೆ ಆರಿಸಲು ಪಕ್ಕದಲ್ಲಿ ಒದ್ದೆ ಗೋಣಿ ಇಟ್ಟುಕೊಂಡು, ಗ್ರೈಂಡರಿನಿಂದ ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡನ್ನು ಬಗ್ಗಿಸಿ ಇಷ್ಟಿಷ್ಟೇ ಬೆಸೆಯುತ್ತಿದ್ದ. ಒಂದೇ ಸಮ ಬೆಸೆದರೆ ತಗಡು ಕಾದು ಸೊಟ್ಟಗಾಗುತ್ತದಂತೆ. ಒಂದು ಚುಕ್ಕೆ ಬೆಸೆದು ಬೀಡಿ ಹಚ್ಚಿ, ತಣ್ಣಗಾದ ಮೇಲೆ ಇನ್ನೊಂದು ಚುಕ್ಕೆ. ಅವನ ಬೀಡಿ ಮುಗಿಯುವಷ್ಟರಲ್ಲಿ ನನ್ನ ಜೀವ ಹೋಗಿ ಬರುತ್ತಿತ್ತು. ದಿನಕ್ಕೆ ಎರಡು ಸಲ ಹೋಗಿ ತಲೆಯ ಮೇಲೆ ನಿಲ್ಲುತ್ತಿದ್ದೆ.

"ಅಕ್ಕಾರ, ನೀವು ಬಂದು ನಿಂತ್ರ ನನ್ನ ಕೈ ನಡಗತಾವ್ರಿ. ಮನಿಗಿ ಹೋಗಿ ಸಾಹೇಬ್ರಿಗೆ ಒಂದು ಚಾ ಮಾಡಿಕೊಡ್ರಿ."

ಸೀಟು ನಿಲ್ಲುವ ಅಡ್ಡಪಟ್ಟಿಗಳ ಸರದಿ ಬಂದಾಗ ಕೆಲಸ ನಿಂತಿತು. ಅವು ಎಷ್ಟು ಕೊಳೆತಿದ್ದವೆಂದರೆ ಮೊದಲು ಎಲ್ಲಿದ್ದವೆಂಬ ಗುರುತೂ ಉಳಿದಿರಲಿಲ್ಲ. ಕಾರಿನ ನೋಂದಣಿ ಬೇರೆ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಸಾರಿಗೆ ಕಚೇರಿಯ ತಪಾಸಣೆಗೆ ಇನ್ನು ನಾಲ್ಕೇ ದಿನ.

"ಇಂಥಾದ ಇನ್ನೊಂದು ಗಾಡಿ ಹುಡುಕಿ ಅಳತಿ ತಗೊಂಡು ಬರ್ತೀನ್ರಿ. ಎಂಟು ದಿನ ಕೊಡ್ರಿ," ಎಂದ ಅವನು.

"ಎಂಟು ದಿನ ಎಲ್ಲಿಂದ ತರಲಿ? ಬ್ಯಾರೆ ದಾರಿ ಇಲ್ಲೇನು?"

"ಐತ್ರಿ. ಚೌಕಾನ ಪೈಪು ಅಡ್ಡ ಬೆಸದು ಅದಕ್ಕ ಸೀಟು ಕೂಡಸ್ತೀನಿ. ಗಟ್ಟಿ ಇರ್ತೈತಿ. ಆದ್ರ ಸೀಟು ನಾಕು ಬೆರಳು ಮುಂದಕ್ಕ ಬರ್ತೈತಿ. ಹಿಂದ ಸರಿಯಾಂಗಿಲ್ಲ."

"ನಾಕು ಬೆರಳಿಗೆ ಯಾರ ಗಂಟು ಹೋಗ್ತದ? ಬೆಸಿ."

ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಗಿತ್ತು. ಇನ್ನು ಮೇಲೆ ಬೆನ್ನಿಗೆ ಒಂದೇ ದಿಂಬು ಸಾಕು!

ಅವನು ಕನ್ನಡಕ ಹಣೆಗೇರಿಸಿ ನಿಂತ. "ಸಾಹೇಬ್ರನ್ನ ಒಮ್ಮಿ ಕೇಳ್ತೀರೇನ್ರಿ?"

"ಕಾರು ಓಡಸೋದು ನಾನು. ಅವರನ್ನೇನು ಕೇಳೋದು?" ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಈಗ ನೆನೆದರೂ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಅವನು ಬೆಸೆದ. ಕೆಂಪು ಪ್ರೈಮರು, ಅದರ ಮೇಲೆ ಕಪ್ಪು ಬಣ್ಣ, ಹೊರಗೆ ಹಾಲಿನಂಥ ಬಿಳಿ. ತಪಾಸಣೆಯ ಅಧಿಕಾರಿ ನೆಲವನ್ನು ಬೂಟಿನಿಂದ ಒದ್ದು ನೋಡಿ, "ಬಂಡಿ ಬಾಗುಂದಮ್ಮಾ," ಎಂದು ತೆಲುಗಿನಲ್ಲಿ ಮೆಚ್ಚಿ ಪಾಸು ಮಾಡಿದರು. ತಾರ್ನಾಕದವರೆಗೆ ಹಾರ್ನ್ ಬಾರಿಸುತ್ತಲೇ ಬಂದೆ. ಮದುವೆಗೆ ಇನ್ನೂ ಒಂಬತ್ತು ದಿನ ಇತ್ತು. ನನ್ನಂಥವಳು ಇನ್ನೊಬ್ಬಳಿಲ್ಲ ಅಂದುಕೊಂಡೆ.

"ಬರ್ರಿ, ಹತ್ತರಿ. ಒಂದು ಸುತ್ತು ಹೋಗಿಬರೋಣು."

ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಬಾಗಿಲು ಹಿಡಿದು, ಯಾವಾಗಿನಂತೆ ಮೊದಲು ಸೀಟಿನ ಮೇಲೆ ಅಡ್ಡ ಕೂತು, ಆಮೇಲೆ ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಒಳಗೆ ತಿರುಗಿಸಿದರು. ಬೂಟಿನ ತುದಿ ಬಾಗಿಲ ಚೌಕಟ್ಟಿಗೆ ಬಡಿಯಿತು. ಸ್ವಲ್ಪ ಹಿಂದಕ್ಕೆ ವಾಲಿ ಮತ್ತೆ ತಿರುಗಿಸಿದರು. ಮತ್ತೆ ಬಡಿಯಿತು. ಬೂಟು ಕಳಚಿ ಮೂರನೆಯ ಸಲ ನೋಡಿದರು. ಕಾಲ್ಬೆರಳುಗಳು ಕಬ್ಬಿಣಕ್ಕೆ ಒತ್ತಿ ಬಿಳಿಚಿದವು, ಕಾಲು ಒಳಗೆ ಬರಲಿಲ್ಲ. ಸೀಟನ್ನು ಹಿಂದಕ್ಕೆ ತಳ್ಳಲು ಕೆಳಗೆ ಕೈಹಾಕಿದರು. ಅಲ್ಲಿ ಸರಿಯುವಂಥದ್ದು ಏನೂ ಇರಲಿಲ್ಲ.

ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಇವರು ಬೂಟು ಹಾಕಿಕೊಂಡು, ಬಾಗಿಲಿನ ಹೊಸ ಬಣ್ಣದ ಮೇಲೆ ಕೈಯಾಡಿಸಿದರು.

"ಇರ್ಲಿ ಬಿಡು. ಬಣ್ಣ ಭಾಳ ಛಲೋ ಆಗೇದ. ಮದುವಿಗೆ ಹಿಂದ ಮಲಕೊಂಡು ಬರ್ತೀನಿ. ಹುಡುಗಿ ಸಲುವಾಗಿ ಒಂದಿನ ಎಳಿಸಿಕೊಂಡ್ರ ಏನಾಗ್ತದ?"

ಅಂಗಳದಲ್ಲಿ ನಿಂತು ಗೊಳೋ ಎಂದು ಅತ್ತುಬಿಟ್ಟೆ. ಪಕ್ಕದ ಮನೆಯವರು ಕಿಟಕಿ ತೆರೆದರು, ತೆರೆಯಲಿ. ಇಡೀ ಕಾರನ್ನು ಬಿಚ್ಚಿ ಹಾಕಿಸಿದ್ದು ಇವರಿಗೋಸ್ಕರ. ಇಷ್ಟು ದಿನಗಳಲ್ಲಿ ಒಮ್ಮೆಯೂ ಇವರನ್ನು ಆ ಶೆಡ್ಡಿಗೆ ಕರೆದುಕೊಂಡು ಹೋಗಿರಲಿಲ್ಲ. ಇವರನ್ನು ಹತ್ತಿಸಿ ಇಳಿಸಿ ಕರೆದೊಯ್ಯುವಷ್ಟು ಹೊತ್ತು ನನ್ನ ಹತ್ತಿರ ಇರಲಿಲ್ಲವಲ್ಲ!

ಕಣ್ಣೊರೆಸಿಕೊಂಡು ಇವರನ್ನು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿದೆ. ನೇರ ಲಾಲಾಪೇಟೆ. ವೆಲ್ಡರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಆ ಪೈಪು ಕೊಯ್ದು ಹಾಕು," ಎಂದೆ.

"ಅಕ್ಕಾರ! ಪಾಸಾದ ಗಾಡಿ ಐತ್ರಿ. ಬಣ್ಣ ಸೈತ ಇನ್ನೂ ಪೂರಾ ಒಣಗಿಲ್ಲ."

"ಕೊಯ್ಯಿ. ತಪ್ಪು ನಂದು. ಎಷ್ಟು ದಿನ ಬೇಕಾದ್ರೂ ತಗೋ, ನಾ ಇಲ್ಲಿ ತಲಿ ಹಾಕಂಗಿಲ್ಲ."

ಅವನು ನನ್ನ ಮುಖ ನೋಡಿದ, ಹಿಂದಿನ ಸೀಟಿನಲ್ಲಿ ಮಲಗಿದ್ದ ಇವರನ್ನು ನೋಡಿದ, ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಬಾಗಿಲು ತೆರೆದು ಕುಕ್ಕರಗಾಲಿನಲ್ಲಿ ಕೂತ.

"ಸಾಹೇಬ್ರ, ನಿಮಗ ಎಷ್ಟು ಜಾಗ ಬೇಕಾಕ್ಕೈತ್ರಿ?"

ರೂಢಿಯಂತೆ ನಾನೇ ಬಾಯಿ ಹಾಕಿದೆ. "ಒಂದು ಅಂದಾಜು..."

"ಸೊಂಟದಿಂದ ಹಿಮ್ಮಡಿತನಕ ನಲವತ್ತೊಂದು ಇಂಚು," ಎಂದರು ಇವರು. "ಬೂಟು ಹಾಕಿದ್ರ ನಲವತ್ತೆರಡು. ಪಾದ ನಿಲ್ಲಲಿಕ್ಕೆ ಮ್ಯಾಲ ಹನ್ನೊಂದು. ಕಾಲು ತಿರಗಸಬೇಕಾದ್ರ ಬಾಗಲದ ಕಡೆ ಇನ್ನೊಂದು ಎರಡು ಇರಬೇಕು."

ಮಗ್ಗಿ ಒಪ್ಪಿಸಿದ ಹಾಗೆ ಹೇಳಿದರು. ವೆಲ್ಡರು, "ಇಷ್ಟು ಬರೋಬ್ಬರಿ ಹೆಂಗ ಗೊತ್ರಿ?" ಎಂದು ಕೇಳಿದ.

"ಆಸ್ಪತ್ರೆಯಿಂದ ಬಂದ ದಿನದಿಂದ ಗೊತ್ತು. ಬಸ್ಸು, ಸಿನಿಮಾ, ಕಚೇರಿ, ಬೀಗರ ಮನಿ. ಎಲ್ಲಿ ಕೂಡಬೇಕಂದ್ರೂ ಮೊದಲು ಇದನ್ನ ನೋಡಬೇಕಲ್ಲಪಾ."

ಇವರ ಅಂಗಿಯ ಅಳತೆ ನನಗೆ ಗೊತ್ತು, ಚಪ್ಪಲಿಯ ಅಳತೆ ಗೊತ್ತು, ಸಕ್ಕರೆ ಎಷ್ಟಿದೆ ಎಂಬುದು ಪ್ರತಿ ತಿಂಗಳೂ ಗೊತ್ತು. ಮೂವತ್ಮೂರು ವರ್ಷ ಇವರನ್ನು ಎಳೆದುಕೊಂಡು ಊರೆಲ್ಲ ಸುತ್ತಿದ್ದೇನೆ. ಈ ನಲವತ್ತೊಂದು ಇಂಚು ನನಗೆ ಗೊತ್ತಿರಲಿಲ್ಲ. ವೆಲ್ಡರು ಸೀಮೆಸುಣ್ಣ ತೆಗೆದು, ಕಾರಿನ ನೆಲದ ಇನ್ನೂ ಪೂರ್ತಿ ಒಣಗದ ಕಪ್ಪು ಬಣ್ಣದ ಮೇಲೆ ಇವರು ಹೇಳಿದ್ದನ್ನೆಲ್ಲ ಬರೆದುಕೊಂಡ, ನನ್ನನ್ನು ಏನೂ ಕೇಳಲಿಲ್ಲ.