ಅಪ್ಪನಿಗೆ ಬೇಕಿದ್ದ ಬಟನ್

ಅಪ್ಪ ಕಾಟನ್‌ಪೇಟೆಯ ಸೀರೆ ಅಂಗಡಿಯಲ್ಲಿ ಮಾತಿನಿಂದಲೇ ಬದುಕಿದವರು. ಸೀರೆ ಬಿಚ್ಚಿ ತೋರಿಸುತ್ತ, ಬಂದವರ ಮದುವೆ, ಮುಂಜಿ, ಬೀಗರ ಸಮಾಚಾರವನ್ನೆಲ್ಲ ವಿಚಾರಿಸಿಕೊಂಡೇ ಕಳಿಸುತ್ತಿದ್ದರು. ಅಂಥವರಿಗೆ ಸ್ಟ್ರೋಕ್ ಆಗಿ, ಬಲಗೈ, ಬಲಗಾಲಿನ ಜೊತೆಗೆ ಮಾತೂ ನಿಂತುಹೋಯಿತು. ಬುದ್ಧಿ ಚುರುಕಾಗಿಯೇ ಇತ್ತು. ಹೇಳಬೇಕಾದದ್ದು ಬಾಯಿಯವರೆಗೆ ಬಂದು "ಆ... ಆ..." ಎಂದಷ್ಟೇ ಆಗುತ್ತಿತ್ತು. ಅಮ್ಮನೂ ನಾನೂ ಊಹಿಸುತ್ತಿದ್ದೆವು. ತಪ್ಪಾದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು.

ನಾನು ಬಸವನಗುಡಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ವಿಷಯ ಕೇಳಿದ ನಮ್ಮ ಕಂಪ್ಯೂಟರ್ ಮೇಡಂ, "ಮುಟ್ಟಿದ್ರೆ ಮಾತಾಡೋ ಆಪ್ ಒಂದನ್ನ ನೀವೇ ಮಾಡ್ಬಿಡಿ" ಎಂದರು.

"ನಂಗೆ ಕೋಡು ಗೀಡು ಎಲ್ಲಿ ಬರತ್ತೆ ಮೇಡಂ?"

"ಬರೆಯೋದೇ ಬೇಡ." ಮೇಡಂ ಲ್ಯಾಪ್‌ಟಾಪಿನಲ್ಲಿ ಆಪ್ ಮಾಡುವ ಪುಟವೊಂದನ್ನು ತೆರೆದರು. "ಎಡಗಡೆ ಬಟನ್‌ಗಳಿವೆ ನೋಡಿ. ಹಿಡ್ಕೊಂಡು ಎಳೀರಿ, ಈ ಫೋನಿನ ಚಿತ್ರದ ಮೇಲೆ ಬಿಡಿ. ಅಷ್ಟೇ."

ಅಷ್ಟೇ ಆಗಿರಲಿಲ್ಲ. ನಾನು ಮೂಲೆಯಲ್ಲಿ ಬಿಟ್ಟ ಬಟನ್ ಓಡಿಹೋಗಿ ಪರದೆಯ ನೆತ್ತಿಯ ಮೇಲೆ ಕೂರುತ್ತಿತ್ತು. ಎರಡನ್ನು ಪಕ್ಕಪಕ್ಕ ಇಟ್ಟರೆ ಒಂದರ ಕೆಳಗೊಂದು ಜಾರುತ್ತಿದ್ದವು. ಮೊದಲು ಒಂದು ಅಡ್ಡ ಚೌಕಟ್ಟನ್ನು ಎಳೆದಿಟ್ಟು ಅದರೊಳಗೆ ಬಟನ್ ಬಿಡಬೇಕೆಂದು ಮೇಡಂ ತೋರಿಸಿಕೊಟ್ಟ ಮೇಲೆ ಎಲ್ಲವೂ ಮಾತು ಕೇಳತೊಡಗಿದವು. ಬಣ್ಣದ ಕಾಗದ ಅಂಟಿಸುವ ಕೆಲಸದಷ್ಟೇ ಖುಷಿ ಕೊಟ್ಟಿತು. ನೀರು, ಊಟ, ಮಾತ್ರೆ, ನೋವು, ಬಚ್ಚಲು, ಒಂದೊಂದಕ್ಕೂ ಚಿತ್ರ ಬರೆದೆ, ನನ್ನ ದನಿಯನ್ನೇ ರೆಕಾರ್ಡ್ ಮಾಡಿ ಜೋಡಿಸಿದೆ.

ಚಾಮರಾಜಪೇಟೆಯ ನಮ್ಮ ಮನೆಗೆ ಓಡಿ ಬಂದು ಫೋನನ್ನು ಅಪ್ಪನ ಎಡಗೈಗೆ ಕೊಟ್ಟೆ. ನೀರಿನ ಚಿತ್ರ ಒತ್ತಿದರು. "ನೀರು ಬೇಕು" ಎಂದಿತು ನನ್ನ ದನಿ. ಅಪ್ಪ ಮುಖ ಕಿವುಚಿ ಫೋನನ್ನು ಆಚೆ ತಳ್ಳಿದರು.

ನನಗೆ ಅಳು ಬಂತು. ಅಮ್ಮ ಮಾತ್ರ, "ಅವರನ್ನೇ ಪಕ್ಕ ಕೂರಿಸ್ಕೊಂಡು ಮಾಡೇ" ಎಂದಳು.

ಭಾನುವಾರ ಲ್ಯಾಪ್‌ಟಾಪನ್ನು ಮಂಚದ ಪಕ್ಕಕ್ಕೆ ತಂದು, ಮೌಸನ್ನು ಅಪ್ಪನ ಎಡಗೈಗೆ ಕೊಟ್ಟೆ. ಸ್ವಲ್ಪ ಹೊತ್ತು ಬಾಣದ ಗುರುತು ಪರದೆಯ ತುಂಬ ಅಲೆದಾಡಿತು. ಆಮೇಲೆ ಖಾಲಿ ಬಟನ್ ಒಂದನ್ನು ಹಿಡಿದು ಎಳೆದು ಎಲ್ಲಕ್ಕಿಂತ ಮೇಲೆ ಬಿಟ್ಟರು. ಎಡಗೈ ಬೆರಳು ಅಗಲಿಸಿ, ದೊಡ್ಡದು ಮಾಡು ಎಂದು ಸನ್ನೆ ಮಾಡಿದರು. ದೊಡ್ಡದು ಮಾಡಿದೆ. ಇನ್ನೂ ದೊಡ್ಡದು!

"ಏನಪ್ಪಾ ಇದು? ಕಾಫೀನಾ?"

ಅಲ್ಲವೆಂದು ತಲೆಯಾಡಿಸಿದರು.

"ಟೀವಿನಾ? ಪೇಪರಾ?"

ಅಷ್ಟರಲ್ಲಿ ಅಮ್ಮ ಗಂಜಿಯ ಬಟ್ಟಲು ಹಿಡಿದು ಬಂದಳು. ಅಪ್ಪ ಬಟ್ಟಲನ್ನು ಒಮ್ಮೆ ನೋಡಿ, ಎಡಗೈಯಿಂದ ದೂರ ಸರಿಸಿ, ನನ್ನ ಮುಖ ನೋಡುತ್ತ ಆ ಬಟನ್ನನ್ನೇ ಕುಟ್ಟಿದರು.

"ಬೇಡ ಅಂತಲಾ?"

ಅಪ್ಪನ ಕಣ್ಣು ಅರಳಿತು. ಕಾಯಿಲೆಯವರು ಕೇಳುವುದನ್ನೆಲ್ಲ ಜೋಡಿಸಿದ್ದೆ, ಒಲ್ಲೆ ಎನ್ನಲು ಒಂದು ಜಾಗ ಬಿಟ್ಟಿರಲಿಲ್ಲ. ಆ ಬಟನ್‌ಗೆ ಕೆಂಪು ಬಣ್ಣ ಹಾಕಿದೆ.

ಇನ್ನು ದನಿ. ಅಪ್ಪನ ಬಾಯಲ್ಲಿ ನನ್ನ ಕೀಚಲು ಗಂಟಲು ಸರಿಹೋಗದೆಂದು ಅಮ್ಮ ಎದುರುಮನೆಯವರನ್ನು ಕರೆದಳು. ಅವರು ಅಪ್ಪನ ಸಂಜೆಯ ವಾಕಿಂಗ್ ಗೆಳೆಯರು. ಫೋನಿನ ಮುಂದೆ ಗಂಟಲು ಸರಿಮಾಡಿಕೊಂಡು, ಗತ್ತಿನಿಂದ "ಬೇಡ!" ಎಂದರು. ಉಳಿದ ಬಟನ್‌ಗಳ ಮಾತನ್ನೂ ಹೇಳಿ ಮುಗಿಸಿದ ಮೇಲೆ, "ಇದೂ ಒಂದಿರಲಿ ಪುಟ್ಟಾ" ಎಂದು ತಾವಾಗಿಯೇ ಇನ್ನೊಂದು ಮಾತು ಸೇರಿಸಿ ಹೋದರು.

ಮೊದಲ ವಾರವಿಡೀ ಮನೆಯಲ್ಲಿ ಬೇಡ, ಬೇಡ, ಬೇಡ. "ಆ ಬಟನ್ ಕಿತ್ತಾಕೇ" ಎಂದು ಅಮ್ಮ ನಗುತ್ತಲೇ ಗೊಣಗುತ್ತಿದ್ದಳು. ಅಪ್ಪ ಗೋಡೆಯ ಕಡೆ ತಿರುಗುವುದು ನಿಂತಿತ್ತು. ನಿಧಾನವಾಗಿ ಕೋಲು ಹಿಡಿದು ಬಾಗಿಲವರೆಗೂ ನಡೆದರು. ಒಂದು ಸಂಜೆ ಹೊಸ್ತಿಲ ಬಳಿ ನಿಂತು, ಕೋಲನ್ನು ಬಾಗಿಲಿಗೆ ಒರಗಿಸಿ, ಎದುರುಮನೆಯ ಕಡೆಗೆ ಫೋನ್ ಎತ್ತಿ ಹೆಬ್ಬೆರಳಿನಿಂದ ಒತ್ತಿದರು.

"ಲೇ, ಬಾರೋ, ಒಂದು ರೌಂಡ್ ಹೋಗೋಣ!"

ತಮ್ಮದೇ ದನಿ ತಮ್ಮನ್ನೇ ಕರೆದದ್ದು ಕೇಳಿ, ಎದುರುಮನೆಯವರು ಚಪ್ಪಲಿ ಮೆಟ್ಟುತ್ತಲೇ ಹೊರಗೆ ಬಂದರು.